ನೊಣ ಸಾಕುವವರ ಬಳಗ

(ನಮ್ಮ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಓದಿದ ಭಾಷಣ)



ಈ ಭಾಷಣಕ್ಕೆ ಕಾರಣರಾದವರು ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು. ಅವರು ಇದೇ ಸಭೆಯಲ್ಲಿ ಕುಳಿತಿದ್ದಾರೆ. ಹೆಸರು ಹೇಳಕೂಡದೆಂದು ಮೊದಲೇ ತಾಕೀತು ಮಾಡಿದ್ದರಿಂದ ನಾವು ಹೇಳುವುದಿಲ್ಲ. ಹೋದ ಶ್ರಾವಣದಲ್ಲಿ ಒಂದು ರಾತ್ರಿ, ವಾಚನಾಲಯದ ದೀಪ ಆರಿಸಿ ಕೀಲಿ ಹಾಕುವ ಹೊತ್ತಿಗೆ, ಅವರು ನಮ್ಮನ್ನು ಬಾಗಿಲಲ್ಲಿ ತಡೆದು ಕೇಳಿದರು:

“ಅಲ್ರೀ, ನೀವು ನಾಲ್ಕು ಪುಸ್ತಕ ಓದಿದವರು. ನಮ್ಮ ಮಗಳು ಮಾಡೋ ಕೆಲಸ ಏನಂತ ಒಂದಿಷ್ಟು ಬಿಡಿಸಿ ಹೇಳ್ರಿ. ಎಂ.ಎಸ್‌ಸಿ. ಆತು, ಡಾಕ್ಟರ ಪದವಿ ಆತು, ಮೂವತ್ತು ತುಂಬಲಿಕ್ಕೆ ಬಂತು. ನೌಕರಿ ಇನ್ನೂ ಎರಡು ವರ್ಷದ ಕರಾರಿನದು. ಕೆಲಸ ಏನಂದ್ರ ಬಾಟಲಿಯೊಳಗ ನೊಣ ಸಾಕೋದು! ಸುಮ್ಮನ ಕೂತು ನೊಣ ಹೊಡೆಯೋರನ್ನ ಭಾಳ ಮಂದಿ ನೋಡೀನಿ. ನೊಣ ಸಾಕಿ ಪಗಾರ ತಗೊಳ್ಳೋರನ್ನ ನೋಡಿದ್ದಿಲ್ಲ.”

ನಾವು ನಕ್ಕೆವು. ಅವರು ನಗಲಿಲ್ಲ. ಬಳಗದವರು ಮದುವೆ ಮನೆಯಲ್ಲಿ ಸಿಕ್ಕು, ಮಗಳು ಏನು ಮಾಡುತ್ತಾಳೆ ಎಂದು ಕೇಳಿದಾಗ ಅವರಿಗೆ ಹೇಳಲು ಬಾಯಿ ಬರುವುದಿಲ್ಲವಂತೆ. ಆ ಮಾತು ನಮ್ಮ ಮನಸ್ಸಿಗೆ ನಾಟಿತು. ಗಣಪತಿ ಹಬ್ಬಕ್ಕೆ ಆ ಹುಡುಗಿ ಊರಿಗೆ ಬಂದಾಗ ಅವರ ಮನೆಗೆ ಹೋಗಿ ಎರಡು ತಾಸು ಕುಳಿತೆವು. ಅವಳು ಕೊಟ್ಟ ಎರಡು ಮೂರು ಪುಸ್ತಕಗಳನ್ನು, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ರಾತ್ರಿ ಹೊತ್ತು ಓದಿದೆವು. ಮೆಟ್ರಿಕ್ ಆಚೆ ಕಾಲೇಜಿನ ಮೆಟ್ಟಲು ಹತ್ತಿದವರಲ್ಲ ನಾವು. ತಿಳಿದಷ್ಟನ್ನು ನಿಮ್ಮ ಮುಂದೆ ಇಡುತ್ತೇವೆ. ತಪ್ಪು ಕಂಡರೆ ಅದು ನಮ್ಮದು, ಹುಡುಗಿಯದಲ್ಲ.

ಮೊದಲು ಅವರ ವಿದ್ಯೆ ಯಾವುದು ಎಂಬುದನ್ನು ಹೇಳಬೇಕು. ಒಂದು ತತ್ತಿ ಇದೆ. ಮೊದಲಿಗೆ ಅದು ಒಂದೇ ಒಂದು ಜೀವಕೋಶ. ಅದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ಸಾವಿರವಾಗುತ್ತದೆ. ಆ ಸಾವಿರದಲ್ಲಿ ಕೆಲವು ಕಣ್ಣಾಗುತ್ತವೆ, ಕೆಲವು ಕರುಳಾಗುತ್ತವೆ, ಕೆಲವು ಬೆನ್ನುಹುರಿಯಾಗುತ್ತವೆ. ನೀನು ಕಣ್ಣಾಗು, ನೀನು ಕಾಲಾಗು ಎಂದು ಹೇಳಿದವರು ಯಾರು? ಕೈಯ ಬೆರಳು ಐದಕ್ಕೇ ಏಕೆ ನಿಂತವು? ಹೀಗೆ ಕೇಳುವ ಶಾಸ್ತ್ರಕ್ಕೆ ಡೆವಲಪ್‌ಮೆಂಟಲ್ ಬಯಾಲಜಿ ಎನ್ನುತ್ತಾರೆ. ಬೆಳವಣಿಗೆಯ ಜೀವಶಾಸ್ತ್ರ ಎನ್ನೋಣ. ಬಸುರಿಯ ಹೊಟ್ಟೆಯಲ್ಲಿ ಕೈಹಾಕಿ ನೋಡುವಂತಿಲ್ಲ. ಆದ್ದರಿಂದ ಕಪ್ಪೆಯ ತತ್ತಿ, ಕೋಳಿಯ ತತ್ತಿ, ಮೀನಿನ ತತ್ತಿ, ನೊಣದ ತತ್ತಿ ಇವುಗಳಲ್ಲಿ ನೋಡುತ್ತಾರೆ. ಈ ನೊಣ ನಮ್ಮ ಮನೆಯ ದೊಡ್ಡ ನೊಣವಲ್ಲ. ಕಳಿತ ಬಾಳೆಹಣ್ಣಿನ ಮೇಲೆ ಹಾರಾಡುವ ಬಲು ಸಣ್ಣ ಕೆಂಪುಗಣ್ಣಿನ ನೊಣ. ತತ್ತಿಯಿಂದ ಹಾರುವ ನೊಣವಾಗಲು ಹತ್ತೇ ದಿವಸ ಸಾಕು. ಸಾಕಲು ಖರ್ಚು ಕಡಿಮೆ. ಒಂದು ತಲೆಮಾರಿನ ಗುಣ ಇನ್ನೊಂದಕ್ಕೆ ಹೇಗೆ ಇಳಿಯುತ್ತದೆಂಬುದನ್ನು ತಿಂಗಳೊಳಗೆ ನೋಡಬಹುದು.

ಈ ನೊಣ ಸಾಕುವ ಪರಂಪರೆ ದೊಡ್ಡದಾಗಿ ಬೆಳೆದದ್ದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ. ಅಲ್ಲಿ ಥಾಮಸ್ ಹಂಟ್ ಮಾರ್ಗನ್ ಎಂಬ ಪ್ರಾಧ್ಯಾಪಕರಿದ್ದರು. ಅವರು ಮೂಲತಃ ಭ್ರೂಣದ ಬೆಳವಣಿಗೆಯನ್ನೇ ಅಭ್ಯಾಸ ಮಾಡಿದವರು. ೧೯೧೦ರಲ್ಲಿ ಅವರ ಬಾಟಲಿಯಲ್ಲಿ ಕೆಂಪುಗಣ್ಣಿನ ನೊಣಗಳ ನಡುವೆ ಬಿಳಿಗಣ್ಣಿನದೊಂದು ಕಾಣಿಸಿಕೊಂಡಿತು. ಅಲ್ಲಿಂದ ಕೆಲಸ ಬೆಳೆಯಿತು. ಅವರ ಖೋಲಿಯ ಅಳತೆ ಹದಿನಾರು ಅಡಿಗೆ ಇಪ್ಪತ್ಮೂರು ಅಡಿ. ನಮ್ಮ ಮುಂಬಯಿಯ ಬಿ.ಡಿ.ಡಿ. ಚಾಳಿನ ಎರಡು ಖೋಲಿ ಸೇರಿಸಿದರೆ ಅದಕ್ಕಿಂತ ಸ್ವಲ್ಪ ಕಡಿಮೆಯಾದೀತು. ಅದರೊಳಗೆ ಎಂಟು ಮೇಜು. ನೊಣ ಸಾಕಲು ಹಾಲಿನ ಬಾಟಲಿಗಳು. ಮೂಲೆಯಲ್ಲಿ ಬಾಳೆಗೊನೆ. ಆ ವಾಸನೆಯಲ್ಲಿ ಕುಳಿತು, ಒಂದೊಂದೇ ನೊಣವನ್ನು ಭೂತಗನ್ನಡಿಯಲ್ಲಿ ನೋಡಿ ಎಣಿಸಿ ಬರೆದಿಡುವುದೇ ಕೆಲಸ.

ಅಲ್ಲಿ ಕುಳಿತವರು ಯಾರು? ಆಲ್ಫ್ರೆಡ್ ಸ್ಟರ್ಟೆವಾಂಟ್ ಇನ್ನೂ ಪದವಿ ಮುಗಿಸದ ವಿದ್ಯಾರ್ಥಿ. ೧೯೧೧ರಲ್ಲಿ ಒಂದು ರಾತ್ರಿ ಕಾಲೇಜಿನ ಮನೆಪಾಠ ಬದಿಗೆ ಸರಿಸಿ, ನೊಣಗಳ ಲೆಕ್ಕದ ಕಾಗದ ಮುಂದಿಟ್ಟುಕೊಂಡು ಕುಳಿತು, ಯಾವ ಗುಣ ಯಾವ ಗುಣದಿಂದ ಎಷ್ಟು ದೂರದಲ್ಲಿದೆ ಎಂದು ಒಂದು ನಕಾಶೆ ಬರೆದ. ೧೯೧೩ರಲ್ಲಿ ಅದು ಅಚ್ಚಾಯಿತು. ಜಗತ್ತಿನಲ್ಲಿ ಜೀನುಗಳ ಮೊದಲ ನಕಾಶೆ ಅದು. ಇನ್ನೊಬ್ಬ, ಕಾಲ್ವಿನ್ ಬ್ರಿಜಸ್, ಸೇರಿದ್ದೇ ಬಾಟಲಿ ತೊಳೆಯುವ ಕೆಲಸಕ್ಕೆ. ತೊಳೆಯಬೇಕಾದ ಬಾಟಲಿಯ ದಪ್ಪ ಗಾಜಿನ ಹೊರಗಿನಿಂದಲೇ ಬೇರೆ ಬಣ್ಣದ ಕಣ್ಣಿನ ನೊಣವೊಂದನ್ನು ಗುರುತಿಸಿದ. ಆ ಮೇಲೆ ಯಾರೂ ಅವನ ಕೈಗೆ ಬಾಟಲಿ ತೊಳೆಯಲು ಕೊಡಲಿಲ್ಲ, ಮೇಜು ಕೊಟ್ಟರು. ನಮ್ಮ ಹೋಟೆಲಿನ ಹುಡುಗರಿಗೆ ಈ ಕತೆ ಹಿಡಿಸೀತು ಎಂದು ಸ್ವಲ್ಪ ಒತ್ತಿ ಹೇಳುತ್ತಿದ್ದೇವೆ. ಆದರೆ ಪೂರ್ತಿ ಹೇಳಬೇಕಾದರೆ, ಈ ಬ್ರಿಜಸ್ ಎಂದೂ ಪ್ರಾಧ್ಯಾಪಕನಾಗಲಿಲ್ಲ. ೧೯೩೮ರಲ್ಲಿ ಸಾಯುವ ತನಕ ಬೇರೊಂದು ಸಂಸ್ಥೆಯ ಧನಸಹಾಯದಲ್ಲಿ ಸಂಶೋಧನ ಸಹಾಯಕನಾಗಿಯೇ ದುಡಿದ.

ಯಾರಿಗೆ ಹೊಸತೇನು ಹೊಳೆದರೂ ಅಲ್ಲಿಯೇ ಎಲ್ಲರ ಮುಂದೆ ಆಡಿ ತೀರಿಸುತ್ತಿದ್ದರು, ಮೊದಲು ಹೊಳೆದದ್ದು ಯಾರಿಗೆ ಎಂಬ ಲೆಕ್ಕ ಬಹಳ ಇಡುತ್ತಿರಲಿಲ್ಲ ಎಂದು ಸ್ಟರ್ಟೆವಾಂಟ್ ಮುಂದೆ ಬರೆದಿದ್ದಾರೆ. ಅದೇ ಗುಂಪಿನ ಹರ್ಮನ್ ಮುಲ್ಲರ್ ಇದನ್ನು ಒಪ್ಪುತ್ತಿರಲಿಲ್ಲ. ತನ್ನ ವಿಚಾರಗಳಿಗೆ ಸಲ್ಲಬೇಕಾದಷ್ಟು ಹೆಸರು ಸಲ್ಲಲಿಲ್ಲವೆಂಬ ಕೊರಗು ಅವರಿಗೆ ಕಡೆಯವರೆಗೂ ಇತ್ತು. ಒಂದೇ ಖೋಲಿಯಲ್ಲಿ ಕುಳಿತ ಇಬ್ಬರ ನೆನಪು ಎರಡು ಬಗೆ. ಜಂಟಿ ಖೋಲಿಯಲ್ಲಿ ಇದ್ದು ಬಂದ ನಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಮಾರ್ಗನ್‌ರಿಗೆ ೧೯೩೩ರಲ್ಲಿ ನೊಬೆಲ್ ಬಹುಮಾನ ಬಂದಾಗ ಅವರು ಆ ಹಣವನ್ನು ತಮ್ಮ ಮಕ್ಕಳಿಗೆ, ಸ್ಟರ್ಟೆವಾಂಟ್ ಮತ್ತು ಬ್ರಿಜಸ್‌ರ ಮಕ್ಕಳಿಗೆ ಹಂಚಿದರು. ಬೋನಸ್ ಹಂಚಿಕೆಯ ವಿಷಯದಲ್ಲಿ ಅನುಭವಸ್ಥರಾದ ನಾವು ಈ ಸಂಗತಿಯನ್ನು ಎರಡು ಸಾರಿ ಓದಿದೆವು.

ಇವರ ಒಂದು ಪದ್ಧತಿ ನಮ್ಮ ವಾಚನಾಲಯಕ್ಕೆ ಬಹಳ ಹತ್ತಿರದ್ದು. ಯಾವ ಊರಿನಿಂದ ಯಾರು ಕಾಗದ ಬರೆದು ಇಂಥ ನೊಣ ಬೇಕು ಎಂದರೂ ಬೆಲೆಯಿಲ್ಲದೆ ಕಳಿಸುತ್ತಿದ್ದರು. ತೆಗೆದುಕೊಂಡವನು ತನ್ನಲ್ಲಿ ಹೊಸ ಬಗೆಯ ನೊಣ ಹುಟ್ಟಿದರೆ ಕೇಳಿದವರಿಗೆ ಕೊಡಬೇಕು. ಬರೆದ ಕಾನೂನು ಅದಲ್ಲ, ರೂಢಿ. ೧೯೩೪ರಲ್ಲಿ ಬ್ರಿಜಸ್ ಮತ್ತು ಮಿಲಿಸ್ಲಾವ್ ಡೆಮೆರೆಕ್ ಇಬ್ಬರೂ ಸೇರಿ ‘ಡ್ರೊಸೊಫಿಲಾ ಇನ್‌ಫರ್ಮೇಶನ್ ಸರ್ವಿಸ್’ ಎಂಬ ಪತ್ರಿಕೆ ತೆಗೆದರು. ನಮ್ಮ ಈ ಪತ್ರಿಕೆಯಂಥದೇ. ಯಾವ ಪ್ರಯೋಗಶಾಲೆಯಲ್ಲಿ ಯಾವ ನೊಣ ಇದೆ, ಯಾರು ಎಲ್ಲಿ ಕೆಲಸದಲ್ಲಿದ್ದಾರೆ, ನೊಣದ ಹಿಟ್ಟಿಗೆ ಬೂಷ್ಟು ಹಿಡಿಯದಂತೆ ಏನು ಮಾಡಬೇಕು, ಇಂಥ ಸಂಗತಿಗಳು. ಅದರಲ್ಲಿ ಬಂದದ್ದನ್ನು ಬರೆದವನ ಒಪ್ಪಿಗೆಯಿಲ್ಲದೆ ಬೇರೆ ಕಡೆ ಅಚ್ಚು ಹಾಕಕೂಡದು ಎಂಬ ಕಟ್ಟಳೆ. ಹೀಗೆ ಕಟ್ಟಳೆ ಇದ್ದುದರಿಂದಲೇ ಅರ್ಧ ಬೆಂದ ಸುದ್ದಿಯನ್ನೂ ಧೈರ್ಯವಾಗಿ ಹಂಚಿಕೊಳ್ಳುವುದಾಯಿತು. ಒಂದು ಮಿಲಿಮೀಟರ್ ಉದ್ದದ ಹುಳುವಿನ ಮೇಲೆ ಕೆಲಸ ಮಾಡುವವರು ಇದನ್ನೇ ನೋಡಿ ೧೯೭೫ರಲ್ಲಿ ‘ವರ್ಮ್ ಬ್ರೀಡರ್ಸ್ ಗೆಜೆಟ್’, ಎಂದರೆ ಹುಳು ಸಾಕುವವರ ಗೆಜೆಟ್ಟು ತೆಗೆದರು. ಹೆಸರೇ ವಿನೋದದ್ದು. ಈ ಹುಳುವಿನ ಪ್ರತಿಯೊಂದು ಜೀವಕೋಶದ ವಂಶಾವಳಿಯನ್ನು ಜಾನ್ ಸಲ್ಸ್ಟನ್ ಎಂಬವರು ಕೇಂಬ್ರಿಜಿನಲ್ಲಿ ಕುಳಿತು ಬರೆದರು. ಭ್ರೂಣದ ಭಾಗಕ್ಕೆ ಒಂದೂವರೆ ವರ್ಷ, ದಿನಕ್ಕೆ ನಾಲ್ಕು ನಾಲ್ಕು ತಾಸಿನ ಎರಡು ಪಾಳಿ, ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕುಳಿತಿದ್ದರಂತೆ. ಪಾಳಿ ಎಂಬ ಮಾತು ನಮ್ಮದೇ ಎಂದುಕೊಂಡಿದ್ದೆವು.

ಇನ್ನು ನೊಣ ಬಿಟ್ಟು ಕಪ್ಪೆಯ ಬಳಗಕ್ಕೆ ಹೋಗೋಣ. ಹುಡುಗಿ ಹೇಳಿದ ಸಂಗತಿಗಳಲ್ಲಿ ನಮ್ಮ ಮನಸ್ಸಿನಲ್ಲಿ ಬಹಳ ದಿನ ನಿಂತದ್ದು ಇದು.

ಜರ್ಮನಿಯ ಫ್ರೈಬುರ್ಗ್ ಊರಿನಲ್ಲಿ ಹಾನ್ಸ್ ಸ್ಪೇಮಾನ್ ಎಂಬ ಹೆಸರಾಂತ ಪ್ರಾಧ್ಯಾಪಕರಿದ್ದರು. ೧೯೨೦ರಲ್ಲಿ ಅವರ ಹತ್ತಿರ ಹಿಲ್ಡೆ ಪ್ರೋಷೋಲ್ಟ್ ಎಂಬ ಹುಡುಗಿ ಡಾಕ್ಟರ್ ಪದವಿಗೆಂದು ಬಂದಳು. ವಯಸ್ಸು ಇಪ್ಪತ್ತೆರಡರ ಆಸುಪಾಸು. ಅವಳ ಜೊತೆಯಲ್ಲಿ ಅದೇ ಪ್ರಯೋಗಶಾಲೆಯಲ್ಲಿ ವಿಕ್ಟರ್ ಹಾಂಬುರ್ಗರ್, ಯೋಹಾನೆಸ್ ಹೋಲ್ಟ್‌ಫ್ರೆಟರ್ ಎಂಬ ಇಬ್ಬರು ಹುಡುಗರು. ಹಿಲ್ಡೆಗೆ ಗುರುಗಳು ಮೊದಲು ಕೊಟ್ಟ ಕೆಲಸ ಹೈಡ್ರಾ ಎಂಬ ಸಣ್ಣ ನೀರಿನ ಜೀವಿಯನ್ನು ಕಾಲುಚೀಲದಂತೆ ಒಳಗು ಹೊರಗು ಮಾಡುವುದು. ಎಷ್ಟು ತಿಣುಕಿದರೂ ಅದು ಆಗಲಿಲ್ಲ. ಬೇರೆ ಕೆಲಸ ಕೊಡಿ ಎಂದು ಕೇಳಿಕೊಂಡಳು. ಆಗ ಕೊಟ್ಟದ್ದು ನ್ಯೂಟ್ ಪ್ರಾಣಿಯ ತತ್ತಿಯ ಕೆಲಸ. ನ್ಯೂಟ್ ಎಂದರೆ ನೋಡಲು ಹಲ್ಲಿಯಂತಿದ್ದು ಕಪ್ಪೆಯ ಬಳಗಕ್ಕೆ ಸೇರಿದ, ನೀರಿನಲ್ಲಿ ತತ್ತಿ ಇಡುವ ಬಾಲದ ಪ್ರಾಣಿ.

ಕೆಲಸ ಹೀಗೆ: ಮಾಸಲು ಬಿಳುಪಿನ ಒಂದು ಜಾತಿ, ಕಪ್ಪು ಬಣ್ಣದ ಇನ್ನೊಂದು ಜಾತಿ. ಸಾಸಿವೆಕಾಳಿನಷ್ಟು ಗಾತ್ರದ ಭ್ರೂಣ. ಬಿಳಿಯದರಿಂದ ಒಂದು ಗೊತ್ತಾದ ಜಾಗದ ಕಣದಷ್ಟು ಚೂರನ್ನು ಕತ್ತರಿಸಿ ಕಪ್ಪಿನದರ ಹೊಟ್ಟೆಯ ಭಾಗಕ್ಕೆ ನೆಡುವುದು. ಹತ್ಯಾರು ಏನೆಂದರೆ ಕೈಯಿಂದ ಎಳೆದು ಮಾಡಿದ ಗಾಜಿನ ಸೂಜಿ, ಹಸುಗೂಸಿನ ಕೂದಲಿನ ಕುಣಿಕೆ. ವಸಂತ ಋತುವಿನಲ್ಲಿ ಮಾತ್ರ ತತ್ತಿ ಸಿಗುತ್ತದೆ. ಆ ಹಂಗಾಮು ತಪ್ಪಿದರೆ ಮುಂದಿನ ವರ್ಷಕ್ಕೇ. ಆಗಿನ ಕಾಲದಲ್ಲಿ ಕೀವು ತಡೆಯುವ ಔಷಧಿಗಳು ಇರಲಿಲ್ಲ. ಶಸ್ತ್ರಕ್ರಿಯೆಯಾದ ಭ್ರೂಣಗಳಲ್ಲಿ ಬಹುಪಾಲು ಎರಡು ಮೂರು ದಿವಸದಲ್ಲಿ ಸತ್ತುಹೋಗುತ್ತಿದ್ದವು. ೧೯೨೧ ಮತ್ತು ೧೯೨೨ ಎರಡು ಹಂಗಾಮು ಹೀಗೇ ಕಳೆದವು. ಕೊನೆಗೆ ಉಳಿದು, ವರದಿ ಬರೆಯುವಷ್ಟು ಬೆಳೆದವು ಬೆರಳೆಣಿಕೆಯಷ್ಟು ಮಾತ್ರ.

ಆ ಬೆರಳೆಣಿಕೆಯಲ್ಲಿ ಕಂಡದ್ದೇನು? ಕಪ್ಪು ಭ್ರೂಣದ ಹೊಟ್ಟೆಯ ಮೇಲೆ ಇನ್ನೊಂದು ಮೈ! ಇನ್ನೊಂದು ಬೆನ್ನುಹುರಿ. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಆ ಎರಡನೆಯ ಮೈಯ ಬಹುಭಾಗ ನೆಟ್ಟ ಬಿಳಿಯ ಚೂರಿನಿಂದ ಆದದ್ದಲ್ಲ, ಸುತ್ತಲಿನ ಕಪ್ಪು ಕೋಶಗಳಿಂದ ಆದದ್ದು. ಹೊಟ್ಟೆಯ ಚರ್ಮವಾಗಬೇಕಾಗಿದ್ದ ಕೋಶಗಳು ಬೆನ್ನುಹುರಿಯಾಗಿದ್ದವು. ನಮ್ಮ ಮಾತಿನಲ್ಲಿ ಹೇಳಬೇಕಾದರೆ, ಒಂದು ಗಿರಣಿಯ ಮುಕಾದಮನನ್ನು ತಂದು ಇನ್ನೊಂದು ಗಿರಣಿಯ ಮೂಲೆಯಲ್ಲಿ ನಿಲ್ಲಿಸಿದರೆ, ಅಲ್ಲಿ ಕಸಗುಡಿಸುತ್ತಿದ್ದವರೆಲ್ಲ ಅವನ ಮಾತು ಕೇಳಿ ಸಾಂಚಾ ನಡೆಸಲು ನಿಂತಂತೆ. ಆ ಚೂರಿಗೆ ಸ್ಪೇಮಾನ್‌ರು ‘ಆರ್ಗನೈಸರ್’, ಎಂದರೆ ವ್ಯವಸ್ಥೆ ಮಾಡುವವನು ಎಂದು ಹೆಸರಿಟ್ಟರು. ತತ್ತಿಯಲ್ಲಿ ಹೇಳುವವನು ಯಾರು, ಕೇಳುವವನು ಯಾರು ಎಂಬ ಪ್ರಶ್ನೆಗೆ ಕೈಗೆ ಸಿಕ್ಕ ಬಲವಾದ ಉತ್ತರ ಅದು.

ಲೇಖನ ೧೯೨೪ರಲ್ಲಿ ಅಚ್ಚಾಯಿತು. ಮೊದಲ ಹೆಸರು ಸ್ಪೇಮಾನ್, ಎರಡನೆಯದು ಹಿಲ್ಡೆ ಮಾಂಗೋಲ್ಡ್. ಅಷ್ಟರಲ್ಲಿ ಅವಳಿಗೆ ಗುರುಗಳ ಮುಖ್ಯ ಸಹಾಯಕ ಓಟೋ ಮಾಂಗೋಲ್ಡ್‌ರೊಡನೆ ಮದುವೆಯಾಗಿತ್ತು. ಜೊತೆಯ ಹುಡುಗರು ತಮ್ಮ ಪ್ರಬಂಧಗಳನ್ನು ತಮ್ಮ ಒಬ್ಬರ ಹೆಸರಿನಲ್ಲಿ ಪ್ರಕಟಿಸಿದ್ದರು. ತನ್ನ ಪ್ರಬಂಧಕ್ಕೆ ಮಾತ್ರ ಗುರುಗಳು ತಮ್ಮ ಹೆಸರು ಮುಂದೆ ಸೇರಿಸಿದರೆಂದು ಹಿಲ್ಡೆಗೆ ಬೇಸರವಾಗಿತ್ತು ಎಂಬುದು ಹಾಂಬುರ್ಗರ್ ತಿಳಿಸಿದ ಸಂಗತಿ. ಗುರುಗಳದ್ದೂ ತಪ್ಪೆಂದು ಪೂರ್ತಿ ಹೇಳಲಾರೆವು. ಪ್ರಶ್ನೆ ಅವರದು, ಹತ್ತಾರು ವರ್ಷಗಳ ಹಿಂದಿನ ತಯಾರಿ ಅವರದು. ಕೈ ಮಾತ್ರ ಅವಳದು. ಹಾಜರಿಪುಸ್ತಕದಲ್ಲಿ ಕೈಯ ಹೆಸರು ಎರಡನೆಯ ಸಾಲಿಗೆ ಬರುವುದನ್ನು ನಾವು ದಿನವೂ ಬರೆಯುತ್ತೇವೆ. ಆದ್ದರಿಂದ ನಮ್ಮ ಒಲವು ಯಾವ ಕಡೆಗೆಂದು ನೀವು ಊಹಿಸಬಹುದು.

೧೯೨೪ರ ಸೆಪ್ಟೆಂಬರಿನಲ್ಲಿ ಅಡಿಗೆಮನೆಯ ಒಲೆ ಸಿಡಿದು ಮೈಗೆ ಬೆಂಕಿ ಹತ್ತಿ ಹಿಲ್ಡೆ ತೀರಿಕೊಂಡಳು. ಇಪ್ಪತ್ತಾರು ತುಂಬಿರಲಿಲ್ಲ. ಹಿಂದೆ ಒಂದು ಚಿಕ್ಕ ಮಗು. ಹನ್ನೊಂದು ವರ್ಷದ ಮೇಲೆ, ೧೯೩೫ರಲ್ಲಿ, ಆರ್ಗನೈಸರಿನ ಶೋಧಕ್ಕಾಗಿ ಸ್ಪೇಮಾನ್‌ರಿಗೆ ನೊಬೆಲ್ ಬಹುಮಾನ ಬಂದಿತು. ತೀರಿಹೋದವರಿಗೆ ಆ ಬಹುಮಾನ ಕೊಡುವ ಪದ್ಧತಿಯಿಲ್ಲ.

ಅವಳ ಹೆಸರು ಮರೆಯಾಗಿ ಹೋಗಬಹುದಾಗಿತ್ತು. ಹೋಗದಂತೆ ಉಳಿಸಿದವರಲ್ಲಿ ಮುಖ್ಯರಾದವರು ಪಕ್ಕದ ಮೇಜಿನ ಗೆಳೆಯ ಹಾಂಬುರ್ಗರ್. ಅರುವತ್ತು ವರ್ಷಗಳ ಮೇಲೆ, ೧೯೮೮ರಲ್ಲಿ, ಗುರುಗಳ ಪ್ರಯೋಗಶಾಲೆಯ ಚರಿತ್ರೆಯನ್ನು ಪುಸ್ತಕವಾಗಿ ಬರೆದಾಗ ಅವಳ ಕೆಲಸಕ್ಕೆ ಅದರಲ್ಲಿ ಸ್ಥಳ ಕೊಟ್ಟರು. ಆ ಹಾಂಬುರ್ಗರ್‌ರ ಕತೆಯನ್ನೂ ಕೇಳಬೇಕು. ೧೯೩೨ರಲ್ಲಿ ಒಂದು ವರ್ಷದ ಫೆಲೊಷಿಪ್ಪಿನ ಮೇಲೆ ಅಮೆರಿಕದ ಷಿಕಾಗೋಗೆ ಹೋದರು. ಪೆಟ್ಟಿಗೆಯಲ್ಲಿ ಗುರುಗಳು ಕಲಿಸಿದ ಗಾಜಿನ ಸೂಜಿಗಳು. ೧೯೩೩ರಲ್ಲಿ ಜರ್ಮನಿಯಲ್ಲಿ ಹಿಟ್ಲರನ ಸರಕಾರ ಬಂದಿತು. ಹಾಂಬುರ್ಗರ್ ಯೆಹೂದಿ ಮನೆತನದವರು. ನಿನ್ನ ಕೆಲಸ ಹೋಯಿತು, ಹಿಂದಿರುಗಬೇಡ ಎಂದು ಫ್ರೈಬುರ್ಗಿನಿಂದ ಕಾಗದ ಬಂದಿತು. ಒಂದು ವರ್ಷಕ್ಕೆಂದು ಹೋದವರು ಜೀವಮಾನವಿಡೀ ಅಲ್ಲಿಯೇ ಉಳಿದರು. ಸೇಂಟ್ ಲೂಯಿಸ್ ಊರಿನಲ್ಲಿ ನೆಲೆಸಿ, ನೂರು ವರ್ಷ ಬಾಳಿ, ೨೦೦೧ರಲ್ಲಿ ತೀರಿಕೊಂಡರು. ಊರು ಬಿಟ್ಟವರ ಕಷ್ಟ ನಮಗೆ ಗೊತ್ತು. ಆದರೆ ನಮಗೆ ಊರಿಗೆ ಹೋಗುವ ರೈಲು ಇದೆ.

ಅಲ್ಲಿ ಅವರು ಕೋಳಿಯ ಭ್ರೂಣದ ಮೇಲೆ ಒಂದು ಪ್ರಯೋಗ ಮಾಡಿದರು. ರೆಕ್ಕೆಯ ಮೊಗ್ಗನ್ನು ಚಿವುಟಿದರೆ ಅದಕ್ಕೆ ಸಲ್ಲುವ ನರಗಳ ಗತಿ ಏನು ಎಂಬುದು ಪ್ರಶ್ನೆ. ೧೯೩೪ರಲ್ಲಿ ಆ ಲೇಖನ ಬಂದಿತು. ಆರು ವರ್ಷದ ಮೇಲೆ ಇಟಲಿಯಲ್ಲಿ ರೀತಾ ಲೆವಿ ಮೊಂಟಾಲ್ಚೀನಿ ಎಂಬ ತರುಣ ವೈದ್ಯೆ ಅದನ್ನು ಓದಿದರು. ಓದಿದ್ದು ದನ ಸಾಗಿಸುವ ರೈಲು ಡಬ್ಬಿಯಲ್ಲಿ ನೆಲದ ಮೇಲೆ ಕುಳಿತು, ಕಾಲು ಹೊರಗೆ ಇಳಿಬಿಟ್ಟುಕೊಂಡು ಎಂದು ಅವರೇ ಬರೆದಿದ್ದಾರೆ. ಅವರೂ ಯೆಹೂದಿಗಳು. ೧೯೩೮ರ ಕಾನೂನಿನಿಂದ ವಿಶ್ವವಿದ್ಯಾನಿಲಯದ ಬಾಗಿಲು ಅವರಿಗೆ ಮುಚ್ಚಿತ್ತು. ಟ್ಯೂರಿನ್ ಊರಿನ ತಮ್ಮ ಮನೆಯಲ್ಲಿ, ಮಲಗುವ ಕೋಣೆಯಲ್ಲಿಯೇ ಪ್ರಯೋಗಶಾಲೆ ಹೂಡಿದರು. ಹೊಲಿಗೆಯ ಸೂಜಿಯನ್ನು ಮಸೆದು ಶಸ್ತ್ರ ಮಾಡಿಕೊಂಡರು. ಕೆಲಸ ಕಳೆದುಕೊಂಡಿದ್ದ ಅವರ ಹಳೆಯ ಗುರುಗಳಾದ ಜುಸೆಪ್ಪೆ ಲೆವಿ ಕೂಡ ಬಂದು ಶಿಷ್ಯೆಯ ಕೋಣೆಯಲ್ಲಿ ಜೊತೆಗೆ ಕುಳಿತರು. ಬಾಂಬು ಬೀಳತೊಡಗಿದ ಮೇಲೆ ಹಳ್ಳಿಗೆ ಹೋಗಿ, ಸೈಕಲ್ ಮೇಲೆ ರೈತರ ಮನೆಮನೆಗೆ ತಿರುಗಿ, ಮಕ್ಕಳಿಗೆ ಪುಷ್ಟಿ ಎಂದು ಹೇಳಿ ಮರಿಯಾಗುವ ತತ್ತಿಗಳನ್ನೇ ಕೇಳಿ ತರುತ್ತಿದ್ದರು. ಭ್ರೂಣ ತೆಗೆದ ಮೇಲೆ ಉಳಿದ ತತ್ತಿ ಮನೆಯವರ ಊಟಕ್ಕೆ. ಯುದ್ಧಕಾಲದಲ್ಲಿ ಚೆಲ್ಲುವುದುಂಟೆ?

ಇಟಲಿಯಲ್ಲಿ ಆ ಕೆಲಸ ಅಚ್ಚಾಗುವಂತಿರಲಿಲ್ಲ. ಬೆಲ್ಜಿಯಮ್ಮಿನ ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ಹಾಂಬುರ್ಗರ್ ಓದಿದರು. ತಮ್ಮ ತೀರ್ಮಾನವೇ ಸರಿಯಲ್ಲ ಎಂದು ಬರೆದ ಲೇಖನ ಅದು. ಬೇರೆಯವರಾಗಿದ್ದರೆ ಖಂಡಿಸಿ ಇನ್ನೊಂದು ಲೇಖನ ಬರೆಯುತ್ತಿದ್ದರು. ಇವರು ಯುದ್ಧ ಮುಗಿದ ಮೇಲೆ ಕಾಗದ ಬರೆದು, ಬನ್ನಿ, ಇಬ್ಬರೂ ಕೂಡಿ ನೋಡೋಣ ಎಂದು ಕರೆದರು. ೧೯೪೭ರಲ್ಲಿ ರೀತಾ ಕೆಲವು ತಿಂಗಳಿಗೆಂದು ಹೋದರು. ಮೂವತ್ತು ವರ್ಷ ಉಳಿದರು. ನರಗಳನ್ನು ಬೆಳೆಸುವ ಪದಾರ್ಥವನ್ನು ಅಲ್ಲಿ ಕಂಡುಹಿಡಿದದ್ದಕ್ಕಾಗಿ ೧೯೮೬ರಲ್ಲಿ ರೀತಾ ಅವರಿಗೆ, ಜೊತೆಗಾರ ಸ್ಟಾನ್ಲಿ ಕೋಹೆನ್‌ರಿಗೆ ನೊಬೆಲ್ ಬಹುಮಾನ ಬಂದಿತು. ಕರೆದ ಹಾಂಬುರ್ಗರ್‌ರಿಗೆ ಬರಲಿಲ್ಲ. ಇಲ್ಲಿಯೂ ಹಾಜರಿಪುಸ್ತಕದ ಗೊಂದಲವೇ!

ಹೈಡೆಲ್‌ಬರ್ಗಿನ ಸಂಗತಿಯನ್ನು ಬೇಗ ಹೇಳಿ ಮುಗಿಸುತ್ತೇವೆ. ೧೯೭೮ರಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್ ಫೋಲ್ಹಾರ್ಡ್, ಎರಿಕ್ ವೀಷೌಸ್ ಎಂಬ ಇಬ್ಬರು ತರುಣರಿಗೆ ಅಲ್ಲಿ ಹೊಸದಾಗಿ ತೆರೆದ ಪ್ರಯೋಗಾಲಯದಲ್ಲಿ ಇಬ್ಬರಿಗೂ ಸೇರಿ ಒಂದೇ ಸಣ್ಣ ಜಾಗ ಸಿಕ್ಕಿತು. ಇಬ್ಬರು ಎದುರುಬದುರು ಕುಳಿತು ಏಕಕಾಲದಲ್ಲಿ ನೋಡುವ ಸೂಕ್ಷ್ಮದರ್ಶಕ ಒಂದು. ನೊಣದ ಸಾವಿರಾರು ಸಂತಾನಗಳನ್ನು ನೋಡಿ, ಯಾವ ಜೀನು ಕೆಟ್ಟರೆ ಮರಿಹುಳುವಿನ ಮೈಯ ಯಾವ ಪಟ್ಟೆ ಕೆಡುತ್ತದೆ ಎಂದು ವಿಂಗಡಿಸಿದರು. ೧೯೮೦ರ ಲೇಖನದಲ್ಲಿ ಹದಿನೈದು ಜೀನುಗಳು. ಒಂದು ಕೆಟ್ಟರೆ ಮರಿಯ ಮೈತುಂಬ ಮುಳ್ಳು. ಅದಕ್ಕೆ ‘ಹೆಜ್‌ಹಾಗ್’, ಎಂದರೆ ಮುಳ್ಳಿನ ಮೈಯ ಸಣ್ಣ ಪ್ರಾಣಿಯ ಹೆಸರಿಟ್ಟರು. ಅದೇ ಬಳಗದ ಜೀನು ನಮ್ಮಲ್ಲಿಯೂ ಇದೆ, ಹೊಟ್ಟೆಯಲ್ಲಿ ಕೂಸಿನ ಕೈಬೆರಳು ಮೂಡುವಾಗ ಕೆಲಸ ಮಾಡುತ್ತದೆ ಎಂದು ಆಮೇಲೆ ತಿಳಿಯಿತು. ನಮ್ಮ ಹಿರಿಯರ ಪ್ರಶ್ನೆಗೆ, ನೊಣ ಸಾಕುವುದು ಏಕೆಂಬುದಕ್ಕೆ, ಒಂದು ಉತ್ತರ ಇದು. ಇಬ್ಬರಿಗೂ ೧೯೯೫ರಲ್ಲಿ ನೊಬೆಲ್ ಬಂದಿತು. ಈ ಕ್ರಿಸ್ಟಿಯಾನೆಯವರು ೨೦೦೪ರಲ್ಲಿ ಒಂದು ನಿಧಿ ಸ್ಥಾಪಿಸಿದರು. ಮಕ್ಕಳಿರುವ ತರುಣ ವಿಜ್ಞಾನಿ ಹೆಂಗಸರಿಗೆ ಮನೆಗೆಲಸದವರನ್ನು, ಕೂಸು ನೋಡಿಕೊಳ್ಳುವವರನ್ನು ಇಟ್ಟುಕೊಳ್ಳಲು ಅದರಿಂದ ಹಣ ಕೊಡುತ್ತಾರೆ. ಇದನ್ನು ಓದಿದಾಗ ನಮಗೆ ಹಿಲ್ಡೆಯ ಅಡಿಗೆಮನೆಯ ಒಲೆ ನೆನಪಾಯಿತು.

ಇನ್ನು ನಮ್ಮ ದೇಶಕ್ಕೆ ಬರೋಣ. ದೂರ ಹೋಗಬೇಕಾದುದಿಲ್ಲ. ಇದೇ ಮುಂಬಯಿಯ ಕೊಲಾಬಾ ತುದಿಯಲ್ಲಿರುವ ಟಾಟಾ ಮೂಲವಿಜ್ಞಾನ ಸಂಸ್ಥೆಗೆ, ಹೋಮಿ ಭಾಭಾರ ಕರೆಯ ಮೇಲೆ, ೧೯೬೨ರಲ್ಲಿ ಒಬೈದ್ ಸಿದ್ದೀಕಿಯವರು ಬಂದು ಜೀವಶಾಸ್ತ್ರದ ಒಂದು ಘಟಕ ಆರಂಭಿಸಿದರು. ಆಮೇಲೆ ನೊಣಗಳ ಕೆಲಸ ಅಲ್ಲಿ ಬೇರೂರಿತು. ಗೋವೆಯ ಮೂಲದ, ಆಫ್ರಿಕಾದ ಕೀನ್ಯಾದಲ್ಲಿ ಬೆಳೆದ ವೆರೋನಿಕಾ ರೊಡ್ರಿಗಸ್ ಎಂಬ ಹುಡುಗಿ ಐರ್ಲೆಂಡಿನಲ್ಲಿ ಪದವಿ ಮುಗಿಸಿ, ಸಿದ್ದೀಕಿಯವರ ಬಳಿ ಕಲಿಯಬೇಕೆಂದು ಹುಡುಕಿಕೊಂಡು ಇಲ್ಲಿಗೆ ಬಂದಳು. ಎಲ್ಲರೂ ವಿಲಾಯತಿಗೆ ಹೋಗುವಾಗ ಇವಳು ಅಲ್ಲಿಂದ ಇಲ್ಲಿಗೆ! ನೊಣ ರುಚಿ ಹೇಗೆ ತಿಳಿಯುತ್ತದೆ ಎಂದು ಗುರುಶಿಷ್ಯರಿಬ್ಬರೂ ಶೋಧಿಸಿದರು. ಅವರು ಮುಂದೆ ದೊಡ್ಡ ವಿಜ್ಞಾನಿಯಾಗಿ, ಅನೇಕ ತರುಣರನ್ನು ತಯಾರು ಮಾಡಿ, ೨೦೧೦ರಲ್ಲಿ ತೀರಿಕೊಂಡರು. ಈ ಮುಂಬಯಿಯ ಗಿಡದ ಕೊಂಬೆಯೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಜಾಗದಲ್ಲಿ ನೆಟ್ಟಿರುವ ರಾಷ್ಟ್ರೀಯ ಜೀವವಿ ಜ್ಞಾನ ಕೇಂದ್ರ. ಸಿದ್ದೀಕಿಯವರೇ ಅದರ ಮೊದಲ ನಿರ್ದೇಶಕರು. ಮೈಸೂರಿನ ಮಾನಸಗಂಗೋತ್ರಿಯಲ್ಲಿಯೂ ಪ್ರಾಣಿಶಾಸ್ತ್ರ ವಿಭಾಗದವರು ನೊಣಗಳ ಭಂಡಾರವೊಂದನ್ನು ಕಟ್ಟಿದ್ದಾರೆ. ನಮ್ಮಲ್ಲಿ ಪುಸ್ತಕ ಕೊಟ್ಟಂತೆ ಅಲ್ಲಿ ನೊಣ ಕೊಡುತ್ತಾರೆ.

ಆದರೆ ಹೊಟ್ಟೆಯ ಪ್ರಶ್ನೆ? ಡಾಕ್ಟರ್ ಪದವಿಗೆ ಐದಾರು ವರ್ಷ. ಆ ಮೇಲೆ ‘ಪೋಸ್ಟ್‌ಡಾಕ್’ ಎಂದು ಎರಡು ಮೂರು ವರ್ಷದ ಕರಾರು, ಅದು ಮುಗಿದರೆ ಇನ್ನೊಂದು ಊರಿನಲ್ಲಿ ಇನ್ನೊಂದು. ಕಾಯಂ ಜಾಗಗಳು ಕೆಲವೇ, ಕಾದವರು ಬಹಳ. ನಮ್ಮ ಹಳಬರಿಗೆ ಬದಲಿ ಕಾರ್ಡು ಗೊತ್ತು. ಬೆಳಗಾಗುವ ಮೊದಲು ಗಿರಣಿಯ ಬಾಗಿಲಲ್ಲಿ ಸಾಲು ನಿಂತು, ಇಂದು ಯಾರು ಗೈರುಹಾಜರಿ ಎಂದು ಕಾದು, ಕೂಗಿದರೆ ಒಳಗೆ, ಇಲ್ಲದಿದ್ದರೆ ಮನೆಗೆ. ಹುಡುಗಿಗೆ ಇದನ್ನು ವಿವರಿಸಿದೆವು. “ಕಾಕಾ, ನಾವೂ ಬದಲಿಯವರೇ. ಖರೇ ಅಂದ್ರ ನಮ್ಮ ಸಾಲು ವರ್ಷಗಟ್ಟಲೆ ಉದ್ದ ಅದ, ಅಷ್ಟ” ಎಂದಳು.

ಹಣದ ಲೆಕ್ಕವನ್ನೂ ಕೇಳಿ. ಸರಕಾರದ ಕಿರಿಯ ಸಂಶೋಧನ ವೇತನ ತಿಂಗಳಿಗೆ ೨೫,೦೦೦ ರೂಪಾಯಿ ಇತ್ತು. ೨೦೧೮ರ ಕೊನೆಯಲ್ಲಿ, ೨೦೧೯ರ ಆರಂಭದಲ್ಲಿ ದೇಶದ ಅನೇಕ ಊರುಗಳ ಸಂಶೋಧಕರು ಫಲಕ ಹಿಡಿದು ಬೀದಿಗಿಳಿದರು. ೨೦೧೯ರ ಜನವರಿಯಲ್ಲಿ ಅದು ೩೧,೦೦೦ ಆಯಿತು. ೨೦೨೩ರಲ್ಲಿ ೩೭,೦೦೦. ಇದು ಸಣ್ಣ ಮೊತ್ತವೆಂದು ಈ ಸಭೆಯಲ್ಲಿ ಹೇಳಿದರೆ ಕೆಲವರು ನಮ್ಮನ್ನು ದುರುಗುಟ್ಟಿ ನೋಡಿಯಾರು! ನಿಜವಾದ ತೊಂದರೆ ಮೊತ್ತದ್ದಲ್ಲ, ತಾರೀಖಿನದು. ಹಣ ತಿಂಗಳಿಗೆ ಸರಿಯಾಗಿ ಬರುವುದಿಲ್ಲ. ಈ ಹುಡುಗಿ ವಿದ್ಯಾರ್ಥಿಯಾಗಿದ್ದಾಗ ಒಮ್ಮೆ ಐದು ತಿಂಗಳು ಬರಲಿಲ್ಲ. ಯಾವ ಸಂಸ್ಥೆ, ಯಾವ ಕಚೇರಿ ಎಂಬುದು ಇಲ್ಲಿ ಬೇಡ. ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗದೆ ಕುಳಿತಿತ್ತು. ಗುಮಾಸ್ತರಾದ ನಾವು ಈ ಮಾತು ಕೇಳಿ ತಲೆ ತಗ್ಗಿಸಿದೆವು. ಆ ಮೇಜಿನ ಹಿಂದೆ ಕುಳಿತಿದ್ದವನೂ ನಮ್ಮಂಥವನೇ ಇರಬೇಕು.

ಐದು ತಿಂಗಳು ಹೇಗೆ ಕಳೆದೆ ಎಂದು ಕೇಳಿದೆವು. ಪ್ರಯೋಗಶಾಲೆಯಲ್ಲಿ ಅವರು ಏಳು ಮಂದಿ. ವೇತನ ಬರುತ್ತಿದ್ದ ನಾಲ್ವರು ಒಂದು ಡಬ್ಬಿ ಇಟ್ಟರು. ಯಾರು ಎಷ್ಟು ಹಾಕಿದರು, ಯಾರು ತೆಗೆದರು ಎಂದು ಬರೆಯಲಿಲ್ಲ. ಮೆಸ್ಸಿನ ಬಾಕಿ ಅದರಿಂದ ತೀರಿತು. ಅಪ್ಪನಿಗೆ ಕಾಗದ ಬರೆಯಲಿಲ್ಲವೇ ಎಂದರೆ ಅವಳು ಸುಮ್ಮನಾದಳು. ಈ ಮಾತನ್ನು ಇಲ್ಲಿ ಹೇಳಲು ಅವಳ ಅಪ್ಪಣೆ ಪಡೆದಿದ್ದೇವೆ. ಅಪ್ಪನಿಗೆ ಮಾತ್ರ ಇದು ಇಂದೇ ಮೊದಲು ಗೊತ್ತಾಗುತ್ತಿದೆ. ಅವರು ಕ್ಷಮಿಸಬೇಕು.

ಇನ್ನೊಂದು ಸಂಗತಿ. ನೊಣಗಳಿಗೆ ರವಿವಾರವಿಲ್ಲ. ಎರಡು ಮೂರು ವಾರಕ್ಕೊಮ್ಮೆ ಹಳೆಯ ಬಾಟಲಿಯಿಂದ ಹೊಸ ಹಿಟ್ಟಿನ ಬಾಟಲಿಗೆ ಅವನ್ನು ದಾಟಿಸಲೇಬೇಕು. ತಪ್ಪಿದರೆ ಬೂಷ್ಟು ಹಿಡಿದು ಸಾಯುತ್ತವೆ, ನಾಲ್ಕೈದು ವರ್ಷದ ಕೆಲಸ ಒಂದು ವಾರದಲ್ಲಿ ಹೋಗುತ್ತದೆ. ಆದ್ದರಿಂದ ದೀಪಾವಳಿಗೆ ಎಲ್ಲರೂ ಊರಿಗೆ ಹೋಗುವಂತಿಲ್ಲ. ಒಬ್ಬರು ಉಳಿದು ಎಲ್ಲರ ಬಾಟಲಿ ನೋಡಿಕೊಳ್ಳುತ್ತಾರೆ. ಈ ವರ್ಷ ಗಣಪತಿಗೆ ಇವಳು ಬಂದಳು, ಮಣಿಪುರದ ಹುಡುಗನೊಬ್ಬ ಉಳಿದ. ದೀಪಾವಳಿಗೆ ಉಳಿಯುವ ಸರದಿ ಇವಳದು. ಮಗಳು ಹಬ್ಬಕ್ಕೆ ಬರಲಿಲ್ಲವೆಂದು ನಮ್ಮ ಹಿರಿಯರು ಆಗ ಬೇಸರಪಟ್ಟುಕೊಳ್ಳಬಾರದು.

ಕಾಯಂ ಯಾವಾಗ ಆಗುತ್ತದೆ ಎಂದು ಅವರು ಮತ್ತೆ ಕೇಳುತ್ತಾರೆಂದು ನಮಗೆ ಗೊತ್ತು. ಅವಳು ಈಗ ಮೂರು ಕಡೆ ಅರ್ಜಿ ಹಾಕಿದ್ದಾಳೆ. ಒಂದರಿಂದ ಸಂದರ್ಶನಕ್ಕೆ ಕರೆ ಬಂದಿದೆ.

ಸಂಕ್ರಾಂತಿಯ ಮುಂದಿನ ರವಿವಾರ ಅವಳು ಇಲ್ಲಿಗೇ ಬರಲು ಒಪ್ಪಿದ್ದಾಳೆ. ಎರಡು ಬಾಟಲಿ ನೊಣ, ಒಂದು ಸಣ್ಣ ಸೂಕ್ಷ್ಮದರ್ಶಕ ತರುತ್ತಾಳಂತೆ. ಬಿಳಿಗಣ್ಣಿನ ನೊಣವನ್ನು ನೀವೇ ನೋಡಬಹುದು. ಹೋಟೆಲಿನ ಹುಡುಗರಿಗೆ ಅನುಕೂಲವಾಗಲೆಂದು ಮಧ್ಯಾಹ್ನ ಮೂರು ಗಂಟೆಗೆ ಇಟ್ಟಿದ್ದೇವೆ. ಮಕ್ಕಳನ್ನು ಕರೆತನ್ನಿ. ಬಾಟಲಿಯ ಬಾಯಿಯ ಅರಳೆ ಮಾತ್ರ ಯಾರೂ ತೆಗೆಯಬೇಡಿರೆಂದು ಅವಳ ವಿನಂತಿ.